ಬೇರೆ ಮನೆಯ ತಟ್ಟೆ

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕಂಬಿಗಳಿಗೆ ಈ ವಾರ ಬಣ್ಣ ಹೊಡೆಯುತ್ತಿದ್ದಾರೆ. ಆಯಿಲ್ ಪೇಂಟ್, ಅದಕ್ಕೆ ಬೆರೆಸಲು ಥಿನ್ನರ್. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದರೆ ಆ ವಾಸನೆ ಒಳಗೆ ನುಗ್ಗುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ಕೆಳಗಿಳಿಯುತ್ತಾರೆ. ನಾನು ಮಾತ್ರ ಪ್ರತಿ ಸಲವೂ ಮೇಲಕ್ಕೆ ಹತ್ತಿ, ಅಲ್ಲಿರುವುದು ನಿಜವಾಗಿಯೂ ಪೇಂಟರ್‌ಗಳೇ ಹೌದೇ ಎಂದು ನೋಡಿ ಬರುತ್ತೇನೆ. "ಕ್ಯಾ ಹುವಾ ಚಾಚಾ, ಕಲರ್ ಪಸಂದ್ ನಹೀಂ?" ಎಂದು ಅವರಲ್ಲೊಬ್ಬ ನಿನ್ನೆ ಕೇಳಿಯೇಬಿಟ್ಟ. ಬಣ್ಣ ಚೆನ್ನಾಗಿಯೇ ಇದೆ. ಕೆಟ್ಟಿರುವುದು ನನ್ನ ಮೂಗು. ಅದು ಹೇಗೆ ಕೆಟ್ಟಿತೆಂದು ನಿಮಗೆ ಹೇಳಬೇಕು.

ಚೆಂಬೂರಿನ ನಮ್ಮ ಕಾಲೊನಿಯಲ್ಲಿ ಒಂದು ಸಮಿತಿ ಇದೆ. ಹುಡುಗ ಹುಡುಗಿಯರು ನಶೆಗೆ ಬೀಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಭಜನಾ ಮಂಡಳಿಯವರು, ಮಹಿಳಾ ವಿಭಾಗದವರು, ಇಬ್ಬರು ಟೀಚರುಗಳು, ಹೀಗೆ ಎಲ್ಲರನ್ನೂ ಎಳೆದು ತಂದು ಅದನ್ನು ಕಟ್ಟಿದವನು ನನ್ನ ಗೆಳೆಯ ಭಾಸ್ಕರ. ಉಡುಪಿ ಕಡೆಯವನು, ಕ್ಯಾಟರಿಂಗ್ ನಡೆಸುತ್ತಾನೆ, ನಮ್ಮ ಮೇಲಿನ ಮಹಡಿಯಲ್ಲೇ ಮನೆ. ಅವನು ಅಧ್ಯಕ್ಷ, ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಬರೆಯುವವನು. ಇಡೀ ನೌಕರಿಯುದ್ದಕ್ಕೂ ಫೈಲು ಬರೆದು ಬರೆದು ನನಗೆ ಅದರದೇ ಚಟ ಹತ್ತಿತ್ತು. ಒಂದು ಒಳ್ಳೆಯ ಅರ್ಜಿ ಬರೆದು ಮುಗಿಸಿದ ದಿನ ಎರಡು ಚಹಾ ಹೆಚ್ಚು ಕುಡಿಯುತ್ತಿದ್ದೆ.

ಹೀಗಿರುವಾಗ ಒಂದು ಟ್ರಸ್ಟ್ ಅನುದಾನ ಕೊಡುತ್ತದೆಂದು ತಿಳಿಯಿತು. ಈ ಕೆಲಸದಲ್ಲಿ ಗೆದ್ದ ಸಮಿತಿಯು ಹೊಸದಾಗಿ ಶುರು ಮಾಡುವ ಇನ್ನೊಂದು ಸಮಿತಿಯನ್ನು ಕೈಹಿಡಿದು ನಡೆಸಬೇಕು ಎಂಬುದು ಷರತ್ತು. 'ನಮ್ಮ ಕಾಲೊನಿಯಲ್ಲಿ ನಶೆಯ ಒಂದೇ ಒಂದು ಪ್ರಕರಣವೂ ಇಲ್ಲ' ಎಂದು ನಾನು ಅರ್ಜಿಯಲ್ಲಿ ಬರೆದೆ. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಯಾರ ಮನೆಗೂ ಹೋಗಿರಲಿಲ್ಲ ಎನ್ನುವುದೂ ನಿಜ. ಅನುದಾನ ಬಂತು. ನಮ್ಮಿಂದ ಕಲಿಯಲು ಬಂದವರು ಧಾರಾವಿಯ ಒಂದು ಗಲ್ಲಿಯ ಹೆಂಗಸರು. ಅವರಿಗೆ ಮುಂದಾಳು ಶಾಂತವ್ವ. ವಿಜಯಪುರದ ಕಡೆಯವರು, ಚರ್ಮದ ಬ್ಯಾಗು ಮಾಡುವಲ್ಲಿ ಅಂಟು ಹಚ್ಚುವ ಕೆಲಸ.

ನಾಲ್ಕು ಭಾನುವಾರ ಕಲಿಸಿದೆವು. ಪ್ರೊಜೆಕ್ಟರ್, ಬಣ್ಣದ ಪುಸ್ತಿಕೆ, ಕೊನೆಗೊಂದು ಪ್ರಮಾಣಪತ್ರ. ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ ಶಾಂತವ್ವ ಕೊನೆಯ ದಿನ ಎದ್ದು ನಿಂತರು.

"ಸರ್, ನಮ್ಮ ಗಲ್ಲ್ಯಾಗ ನಾವೊಂದು ಮಾಡ್ತೀವ್ರಿ. ವಾರಕ್ಕೊಂದಿನ ನಮ್ಮ ಹುಡುಗ್ರು ಬ್ಯಾರೇರ ಮನ್ಯಾಗ ಉಣ್ತಾರ. ಹಡದಾಕಿಗಿ ಮಗನ ಮಾರಿ ದಿನಾ ನೋಡಿ ನೋಡಿ ಏನೂ ಕಾಣಂಗಿಲ್ರಿ. ಬ್ಯಾರೇದಾಕಿ ತಾಟು ಇಟ್ಟು ಮುಂದ ಕುಂತ್ರ ಎಲ್ಲಾ ಕಾಣತೈತಿ. ಆಕಿ ಬಂದು ಹೇಳಬೇಕು, ತಾಯಿ ಸಿಟ್ಟಾಗಬಾರದು. ಅಷ್ಟರಿ."

ನಾವು ಚಪ್ಪಾಳೆ ತಟ್ಟಿದೆವು. ವರದಿಯಲ್ಲಿ ಮಾತ್ರ ನಾನು ಅದನ್ನು ಬರೆಯಲಿಲ್ಲ. ಕಲಿಸುವವರು ನಾವು, ನಾವು ಕಲಿತದ್ದನ್ನು ಬರೆಯಲು ಆ ಫಾರಮಿನಲ್ಲಿ ಜಾಗವೂ ಇರಲಿಲ್ಲ.

ಆಮೇಲೆ ಊಟ. ಅಡುಗೆ ಭಾಸ್ಕರನದು, ಅಂದಮೇಲೆ ಕೇಳಬೇಕೇ, ಎರಡು ಬಗೆಯ ಪಾಯಸ. ಶಾಂತವ್ವನ ಪಕ್ಕದಲ್ಲಿ ಕೂತದ್ದು ಭಾಸ್ಕರನ ಒಬ್ಬನೇ ಮಗ ಪ್ರಜ್ವಲ್. ಕಾಲೇಜಿನ ಎರಡನೇ ವರ್ಷ. ನಾನು ಎತ್ತಿ ಆಡಿಸಿದ ಹುಡುಗ. ಅವನು ಪಾಯಸದ ಮೇಲೆಯೇ ಸಾರು ಹಾಕಿಸಿಕೊಂಡು ಉಣ್ಣತೊಡಗಿದ. ಮೊಬೈಲಿನ ಧ್ಯಾನ ಎಂದು ನಾವೆಲ್ಲ ನಕ್ಕೆವು. ಶಾಂತವ್ವ ನಗಲಿಲ್ಲ. ಕೈ ತೊಳೆಯುವಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಹುಡುಗನ ಮೂಗಿನ ಕೆಳಗ ತೊಗಲು ಸುಲದೈತ್ರಿ. ಕರ್ಚೀಫು ಥಿನ್ನರ್ ವಾಸನಿ ಹೊಡೀತು. ನಾ ದಿನಾ ಅಂಟಿನ ಸಲ್ಯೂಶನ್ ಹಚ್ಚಾಕಿ, ನನಗ ಗೊತ್ತಾಗಂಗಿಲ್ಲೇನ್ರಿ? ಅವರಪ್ಪಗ ಇವತ್ತ ಹೇಳ್ರಿ."

ನಾನು ಏನು ಹೇಳಿದೆ ಎಂಬುದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ. "ಮುಂದಿನ ತಿಂಗಳು ಟ್ರಸ್ಟಿನವರು ನೋಡ್ಲಿಕ್ಕೆ ಬರ್ತಾರೆ ಶಾಂತವ್ವ. ಅದೊಂದು ಮುಗೀಲಿ, ನಾನೇ ಹೇಳ್ತೇನೆ."

"ಮುಂದಿನ ತಿಂಗಳ ತನಕ ತಡೀಬೇಕಂತ ಆ ಹುಡುಗಗ ಗೊತ್ತೈತೇನ್ರಿ?" ಎಂದರು ಅವರು.

ಅದಾಗಿ ಮೂರನೇ ವಾರದ ಒಂದು ಬೆಳಿಗ್ಗೆ ಪ್ರಜ್ವಲ್ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಬಿದ್ದಿದ್ದ. ಪಕ್ಕದಲ್ಲಿ ಥಿನ್ನರಿನ ಬಾಟಲಿ, ಮುಷ್ಟಿಯಲ್ಲಿ ಕರ್ಚೀಫು. ಅದನ್ನು ಮೂಸಿದ್ದರಿಂದಲೇ ಹೃದಯ ನಿಂತಿತು ಎಂದರು ಡಾಕ್ಟರು. ನಾವು ಹೊರಗಿನವರಿಗೆ ಹೃದಯ ನಿಂತಿತು ಎಂದಷ್ಟೇ ಹೇಳಿದೆವು. ಟ್ರಸ್ಟಿನವರು ಬಂದರು, ಸಂತಾಪ ಹೇಳಿದರು, ಎರಡನೇ ವರ್ಷಕ್ಕೂ ಅನುದಾನ ಮಂಜೂರು ಮಾಡಿದರು. ಒಂದೂ ಪ್ರಕರಣವಿಲ್ಲ ಎಂಬ ಸಾಲು ವರದಿಯಲ್ಲಿ ಹಾಗೆಯೇ ಉಳಿಯಿತು. ಬರೆದ ಕೈ ಇದೇ. ನನ್ನ ಬಗ್ಗೆ ನನಗೇ ಹೇಸಿಗೆ ಎನಿಸುತ್ತದೆ. ಇದನ್ನು ನಯವಾಗಿ ಹೇಳುವ ರೀತಿ ನನಗೆ ಗೊತ್ತಿಲ್ಲ.

ಆಮೇಲೂ ಭಾಸ್ಕರ ಮತ್ತು ನಾನು ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತೇವೆ. ಒಮ್ಮೊಮ್ಮೆ ಲೋಕಲ್ ಟ್ರೇನ್ ಹಿಡಿದು ಮಾಟುಂಗಕ್ಕೆ ಕಾಫಿಗೂ ಹೋಗುತ್ತೇವೆ. ಅವನು ಮಗನ ಮಾತೆತ್ತುವುದಿಲ್ಲ. ನಾನು ಎಷ್ಟೋ ಸಲ ಬಾಯಿ ತೆರೆದು, ಸಕ್ಕರೆ ಕಡಿಮೆಯಾಗಿದೆ ಎಂದು ಏನೋ ಹೇಳಿ ಮುಚ್ಚಿದ್ದೇನೆ. ಹೇಳಿದರೆ ಉಳಿದಿರುವ ಒಬ್ಬ ಗೆಳೆಯನೂ ಹೋಗುತ್ತಾನೆ ಎಂಬ ಭಯ.

ಇವತ್ತು ಪೇಂಟರ್‌ಗಳನ್ನು ನೋಡಿ ಇಳಿಯುವಾಗ ಭಾಸ್ಕರನ ಬಾಗಿಲು ತೆರೆದಿತ್ತು. ಅವನು ಮೂಗಿಗೆ ಟವೆಲು ಒತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದ. ಕಣ್ಣು ತುಂಬಿತ್ತು. ಇನ್ನು ತಡೆಯಲಾಗಲಿಲ್ಲ. ಶಾಂತವ್ವ ನನಗೆ ಹೇಳಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು, ಯಾಕೆಂಬುದು, ಎಲ್ಲವನ್ನೂ ನಿಂತಲ್ಲೇ ಹೇಳಿಬಿಟ್ಟೆ.

ಅವನು ಟವೆಲನ್ನು ಮೂಗಿನಿಂದ ಕೆಳಗಿಳಿಸಿದ. "ಅವರು ಆ ಊಟದ ಮರುದಿನ ನನ್ನ ಹತ್ರವೂ ಬಂದಿದ್ರು," ಎಂದ. "ಧಾರಾವಿಯಿಂದ ಬಂದು ನಮ್ಮ ಹುಡುಗನ ಬಗ್ಗೆ ಮಾತಾಡ್ತೀರಾ ಅಂತ ಜೋರು ಮಾಡಿ ಕಳಿಸಿದೆ." ಟವೆಲನ್ನು ಮಡಚಿದ, ಮತ್ತೆ ಬಿಚ್ಚಿದ. "ನೀನು ಹೇಳಿದ್ದಿದ್ರೆ ನಂಬ್ತಿದ್ದೆ ಮಾರಾಯ."

ಬಾಗಿಲು ಹಾಕಿಕೊಂಡ.

ಕೆಳಗೆ ನಮ್ಮ ಪಕ್ಕದ ಮನೆಯ ಸಿಂಚನಾ ಕಾಲೇಜಿಗೆ ಹೊರಟಿದ್ದಳು. "ಭಾನುವಾರ ನಮ್ಮಲ್ಲಿ ಊಟಕ್ಕೆ ಬಾ," ಎಂದೆ.

"ಕ್ಯೂಂ ಅಂಕಲ್? ಏನಾದ್ರೂ ಸ್ಪೆಷಲ್ ಉಂಟಾ?"

"ಏನೂ ಇಲ್ಲ, ಅನ್ನ ಸಾರು. ಆಂಟಿ ಬಡಿಸ್ತಾಳೆ, ನಾನು ಎದುರು ಕೂತ್ಕೊಳ್ತೇನೆ."