ಮೈಕು ಮಾವನ ನಾಯಿಯ ಕಿವಿ

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗಿ ಕೂಗಿಯೇ ನಿವೃತ್ತನಾದ ಆತನನ್ನು ಬೀದಿಯವರೆಲ್ಲ ಮೈಕು ಮಾವ ಎನ್ನುತ್ತಿದ್ದರು. ಕೆಲಸ ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ. ಸ್ನಾನಕ್ಕೆ ಹೊರಟರೂ ಮನೆಗೆಲ್ಲ ಸಾರಿಯೇ ಹೊರಡುವನು. ಹೆಂಡತಿ ಕಿವಿಗೊಡುವುದನ್ನು ಎಂದೋ ಬಿಟ್ಟಿದ್ದಳು. ಬಾಲ ಆಡಿಸುತ್ತ ಎಲ್ಲವನ್ನೂ ಕೇಳುತ್ತಿದ್ದುದು ಜೋಲುಕಿವಿಯ ನಾಯಿಯೊಂದೇ.

ಆ ಕಿವಿಗಳು ವರ್ಷಗಟ್ಟಲೆ ಸೋರಿ, ನಾತ ಹೊಡೆದು, ಕೊನೆಗೆ ಕೇಳುವುದನ್ನೇ ನಿಲ್ಲಿಸಿದವು. ಪರಿಚಯದ ಪಶುವೈದ್ಯರು ಕೀವು ಒಣಗಿಸಿ, "ನೋವೇನೋ ಹೋಯ್ತು. ಕಿವಿ ಮಾತ್ರ ಇನ್ನು ಬರಲ್ಲ," ಎಂದು ಕೈಚೆಲ್ಲಿದರು. ಇದ್ದೊಬ್ಬ ಕೇಳುಗನನ್ನೂ ಕಳೆದುಕೊಳ್ಳುವುದುಂಟೇ? ಮಾವ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಗಾಜಿನ ಬಾಗಿಲಿನ ಹೊಸ ಕ್ಲಿನಿಕ್ಕಿಗೆ ಓಡಿದ.

"ಇದರ ಹೊಟ್ಟೆ ಕೊಬ್ಬಿನಿಂದಲೇ ಸ್ಟೆಮ್ ಸೆಲ್ ತೆಗೆದು ಕಿವಿಗೆ ಕೊಡ್ತೀವಿ ಸಾರ್. ಒಳಗೆ ಹೊಸದಾಗಿ ಚಿಗುರುತ್ತೆ," ಎಂದರು ಅಲ್ಲಿಯ ಡಾಕ್ಟರು.

"ಗ್ಯಾರಂಟಿನಾ?"

"ಭರವಸೆ ಇದೆ ಸಾರ್."

ಮನೆಗೆ ಬರುವಷ್ಟರಲ್ಲಿ ಭರವಸೆಯೇ ಗ್ಯಾರಂಟಿಯಾಗಿತ್ತು.

"ಹೊಟ್ಟೆ ಕೊಬ್ಬಿಗೆ ಆ ಬಡಪಾಯೀನ ಯಾಕೆ ಕೊಯ್ಯಬೇಕು?" ಎಂದಳು ಹೆಂಡತಿ. "ನಿಮ್ಮದೇ ತೆಗೀಲಿ, ಬೇಕಾದಷ್ಟಿದೆ."

ಚಿಕಿತ್ಸೆಯೂ ಆಯಿತು. ಮಲಗಿದ್ದ ನಾಯಿಯ ಹಿಂದೆ ನಿಂತು ಆಕೆ ಪಾತ್ರೆ ಮುಚ್ಚಳ ಬಡಿದಳು. ಅದು ಮಿಸುಕಲಿಲ್ಲ.

"ಕೇಳಿಸಿದೆ ಕಣೇ, ಕ್ಯಾರೇ ಅಂದಿಲ್ಲ ಅಷ್ಟೇ! ಈ ಮನೆಯವರ ಬುದ್ಧಿ ಅದಕ್ಕೂ ಬಂದಿದೆ."

ಆಕೆ ವಾದಕ್ಕಿಳಿಯದೆ, ತೊಡೆ ತಟ್ಟಿದರೆ ಬರುವುದನ್ನೂ ಅಂಗೈ ತೋರಿಸಿದರೆ ಕೂರುವುದನ್ನೂ ನಾಯಿಗೆ ಕಲಿಸಿದಳು.

ಅಷ್ಟರಲ್ಲಿ ಕ್ಲಿನಿಕ್ಕಿನವರು ನಾಯಿ ಸಾಕಿದವರ ಸಭೆ ಕರೆದು, ಚಿಕಿತ್ಸೆಯ ಗುಣ ಸಾರಲೆಂದು ಮಾವನ ಕೈಗೆ ಮೈಕು ಕೊಟ್ಟರು. ಮಾವನಿಗೆ ಸ್ವರ್ಗ ಮೂರೇ ಗೇಣು. ಕೈಬೀಸಿ ನಾಯಿಯನ್ನು ಕರೆದ. ಅದು ಬಂತು. ಚಪ್ಪಾಳೆಯೋ ಚಪ್ಪಾಳೆ.

"ಕೈ ಹಿಂದೆ ಕಟ್ಕೊಂಡು ಕರೀರಿ ನೋಡೋಣ," ಎಂದಳು ಮುದಿ ನಾಯಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸೊಬ್ಬಳು.

ಮಾವ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿ ಕೂಗಿದ. ಕಿಟಕಿಗಳು ಅದುರಿದವು, ನಾಯಿ ಬಾಗಿಲು ನೋಡುತ್ತ ಆಕಳಿಸಿತು.

"ಇವತ್ತು ಅದಕ್ಕೆ ಮೂಡ್ ಇಲ್ಲ," ಎಂದರು ಡಾಕ್ಟರು.

ಮುಂದಿನ ಸಾಲಿನಲ್ಲಿದ್ದ ಹೆಂಡತಿಗೆ ಗಂಡನ ಮುಖ ನೋಡಲಾಗಲಿಲ್ಲ. ಮೆಲ್ಲಗೆ ತೊಡೆ ತಟ್ಟಿದಳು. ನಾಯಿ ಓಡಿಬಂದು ಅವಳ ಕಾಲಬುಡದಲ್ಲಿ ಕುಳಿತಿತು. ಸಭೆ ಬಿದ್ದುಬಿದ್ದು ನಕ್ಕಿತು.

ಮನೆ ಸೇರಿದ ಮೇಲೆ ಮಾವ, "ಅದೇನದು, ತೊಡೆ ಹೇಗೆ ತಟ್ಟೋದು?" ಎಂದ.

ಕ್ಲಿನಿಕ್ಕಿನ ಗೋಡೆಯಲ್ಲಿ ಮಾತ್ರ ಸಭೆಗೆಂದು ತೂಗುಹಾಕಿದ ಅವನ ಮತ್ತು ನಾಯಿಯ ಫೋಟೊ ಇನ್ನೂ ಇದೆ, ಅಡಿಯಲ್ಲಿ ಬರಹ: 'ಈಗ ಎಲ್ಲ ಕೇಳಿಸುತ್ತದೆ!' ತೆಗೆಸಿ ಎಂದು ಹೆಂಡತಿ ಗದರಿದರೆ, "ಇರಲಿ ಬಿಡೇ, ಅದರಲ್ಲಿ ನಾನು ಚೆನ್ನಾಗಿ ಬಂದಿದ್ದೀನಿ," ಎನ್ನುತ್ತಾನೆ.