ಮೈಕಿನವರಿಗೆ ದುಡ್ಡು, ನನಗೆ ಶಾಲು

ಗೆಳೆಯರೇ, ಇವತ್ತು ವಡಾಲದ ಕನ್ನಡ ಸಂಘವೊಂದರ ಕಾರ್ಯದರ್ಶಿ ಶೆಟ್ಟರು ಫೋನ್ ಮಾಡಿದ್ದರು. ವಾರ್ಷಿಕೋತ್ಸವಕ್ಕೆ ನಾನೊಂದು ನಾಟಕ ಬರೆದುಕೊಡಬೇಕಂತೆ.

"ಕನ್ನಡದ ಸೇವೆ ಅಲ್ವಾ ಮೇಡಂ, ಸ್ಟೇಜಲ್ಲಿ ಶಾಲು ಹೊದೆಸ್ತೇವೆ."

"ಮೈಕಿನವರೂ ಸೇವೆ ಮಾಡ್ತಾರಾ ಶೆಟ್ರೇ?"

"ಛೆ, ಅಡ್ವಾನ್ಸ್ ಕೊಡದೆ ಅವ್ರು ವೈರ್ ಕೂಡ ಮುಟ್ಟುದಿಲ್ಲ."

"ಹಾಗಾದ್ರೆ ನಾನೂ ಪೆನ್ನು ಮುಟ್ಟಲ್ಲ."

ಹೇಳಿಬಿಟ್ಟೆ! ಆ ಕಡೆ ಶೆಟ್ಟರು ಜೋರಾಗಿ ನಕ್ಕರು.

"ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ಮಾರಾಯ್ರೆ? ಮೈಕಿನವರಷ್ಟೇ ನಿಮಗೂ ಕೊಡುವ. ಒಂದು ಬಿಲ್ ಕಳ್ಸಿ."

ಹದಿನೆಂಟು ವರ್ಷ ಬರೆದ ಮೇಲೆ ನನ್ನ ಮೊದಲ ಸಂಭಾವನೆ! ಫೋನಿಟ್ಟು ಅಡುಗೆಮನೆಯಲ್ಲೇ ಕುಣಿದೆ. ಮಧ್ಯಾಹ್ನದ ಊಟದೊಳಗೆ ಮೊದಲ ದೃಶ್ಯ ಬರೆದು ಮುಗಿಸಿದೆ. ಬಿಲ್ ಬರೆಯುವುದು ಹೇಗೆಂದು ಮಾತ್ರ ಇನ್ನೂ ತಿಳಿದಿಲ್ಲ. ಬಲ್ಲವರು ಕಲಿಸಿಕೊಡಿ, ಸೇವೆ ಎಂದುಕೊಂಡು.