ಇಲ್ಲದ ಗೆರೆಗೆ ಸಾಕ್ಷಿ ನುಡಿದ ಗೆರೆಯಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಆಸ್ಪತ್ರೆಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು ನೆಲಕ್ಕೆ ಅಂಗೈ ಒತ್ತುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. "ಇನ್ನೂ ತೇವ ಇದೆ, ಕಾಯ್ಬೇಕು" ಎನ್ನುತ್ತಾರೆ. ನೆಲ ಒಣಗಿದ ಮೇಲೆ, ಸುಣ್ಣದ ಪುಡಿ ಸವರಿದ ದಾರವನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟುತ್ತಾರೆ. ಟಪ್ ಎಂದು ಬೆಳ್ಳನೆಯ ಗುರುತು ಬೀಳುತ್ತದೆ. ಅದರ ಗುಂಟ ಬಣ್ಣದ ರೋಲರ್ ಹರಿಯುತ್ತದೆ.

ರಸ್ತೆಗೆ ಬಿಳಿ ಗೆರೆ ಎಳೆಯುವ ಐವತ್ತಮೂರು ವರ್ಷದ ಇವರನ್ನು ಜೊತೆಯವರು ಕರೆಯುವುದು ಗೆರೆಯಕ್ಕ ಎಂದೇ. ಮೊದಲು ಈ ಕೆಲಸ ಗಂಡನದು. ಹಿಂದಕ್ಕೆ ಬಂದ ಲಾರಿಯೊಂದು ಅವರ ಕಾಲು ಮುರಿದ ಮೇಲೆ ರೋಲರ್ ಇವರ ಕೈಗೆ ಬಂತು. ಇಪ್ಪತ್ತೊಂದು ವರ್ಷವಾಯಿತು. ಬೆಳಿಗ್ಗೆ ವಾಹನಗಳ ಸಂತೆ ನೆರೆಯುವ ಮೊದಲು ನಾಲ್ಕು ಗೆರೆ, ಎರಡು ಡಬ್ಬಿ ಬಣ್ಣ ಮುಗಿಯಲೇಬೇಕು.

"ಊರಿನೋರೆಲ್ಲ ಇವಳ ಗೆರೆ ದಿನಾ ದಾಟ್ತಾರೆ. ಇವಳು ಹಾಕಿದ ಗೆರೆ ದಾಟದ ಗಂಡಸು ಅಂದ್ರೆ ನಾನೊಬ್ನೇ" ಎಂದು ಗಂಡ ನಗುತ್ತಾರೆ.

"ಕಾಲು ನೆಟ್ಟಗಿದ್ದಿದ್ರೆ ನೀವೂ ದಾಟ್ತಿದ್ರಿ, ಸುಮ್ನಿರಿ" ಎಂದು ಗೆರೆಯಕ್ಕ ಬಾಯಿ ಮುಚ್ಚಿಸುತ್ತಾರೆ.

ಮೂರು ತಿಂಗಳ ಹಿಂದಿನವರೆಗೆ, ವಾಹನ ನಿಲ್ಲಬೇಕಾದ ಗೆರೆ ಎಳೆಯಲು ಇವರ ಪಾಲಿಗೆ ಹನ್ನೊಂದು ಸಿಗ್ನಲ್‌ಗಳಿದ್ದವು. ಒಂದು ಬೆಳಿಗ್ಗೆ ಶಾಲಾ ವ್ಯಾನಿನ ಚಾಲಕರೊಬ್ಬರು ದಂಡದ ಚೀಟಿ ಹಿಡಿದು ಹುಡುಕಿಕೊಂಡು ಬಂದರು. ಕೆಂಪು ದೀಪ ದಾಟಿದ್ದೀರಿ ಎಂದು ಕ್ಯಾಮೆರಾ ಹೇಳಿತ್ತು. ಮಕ್ಕಳ ವಾಹನವಾದ್ದರಿಂದ ಲೈಸೆನ್ಸೇ ಹೋಗುವುದರಲ್ಲಿತ್ತು.

"ದೀಪ ನೋಡಿ ಬ್ರೇಕ್ ಹಾಕ್ದೆ ಅಕ್ಕ. ಎಲ್ಲಿ ನಿಲ್ಲಬೇಕು ಅಂತ್ಲೇ ಕಾಣ್ಲಿಲ್ಲ. ಅಲ್ಲಿ ಗೆರೆ ಇತ್ತಾ?"

ಕಚೇರಿಯ ಪುಸ್ತಕದಲ್ಲಿ ಇತ್ತು: ದಂಡ ಬಿದ್ದ ದಿನಕ್ಕೆ ಒಂಬತ್ತು ದಿನ ಮೊದಲಷ್ಟೇ ಎಳೆದ ಹೊಸ ಗೆರೆ, ಕೆಳಗೆ ಗೆರೆಯಕ್ಕನ ಸಹಿ. ರಸ್ತೆಯಲ್ಲಿ ಇರಲಿಲ್ಲ. ಎಳೆದ ದಿನ ನೆಲ ಒದ್ದೆಯಿತ್ತು. ಮೇಸ್ತ್ರಿಯ ಅವಸರಕ್ಕೆ ಎಳೆದ ಬಣ್ಣ ವಾರದಲ್ಲೇ ಗಾಯದ ಹಕ್ಕಳೆಯ ಹಾಗೆ ಎದ್ದುಹೋಗಿತ್ತು. ಅದನ್ನು ನೋಡಿಯೂ ಗೆರೆಯಕ್ಕ ಬಾಯಿ ಬಿಟ್ಟಿರಲಿಲ್ಲ.

"ಎರಡು ದಿನ ಊಟ ಸೇರ್ಲಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಹೇಳ್ದಿದ್ರೆ ಅವ್ರ ಕೆಲಸ ಹೋಗುತ್ತೆ."

ಮೂರನೆಯ ದಿನ ಚಾಲಕರ ವಿಚಾರಣೆ. ಗೆರೆಯಕ್ಕ ಕೈಗೆ ಮೆತ್ತಿದ ಬಣ್ಣದಲ್ಲೇ ಹೋಗಿ ಬಾಗಿಲಲ್ಲಿ ನಿಂತರು. ಅಧಿಕಾರಿ ತಲೆಯೆತ್ತಿದರು.

"ನಿಮ್ಮನ್ನ ಯಾರಮ್ಮ ಕರೆದಿದ್ದು?"

"ಯಾರೂ ಕರೀಲಿಲ್ಲ ಸಾರ್. ಆ ಗೆರೆ ನಂದು. ಅವತ್ತು ಅದು ಅಲ್ಲಿರ್ಲಿಲ್ಲ."

"ಹಾಕಿದೀನಿ ಅಂತ ಸಹಿ ಮಾಡಿದೀರಲ್ಲ?"

"ಮಾಡಿದೀನಿ. ಪುಸ್ತಕದ ಮೇಲೆ ಗಾಡಿ ಓಡಲ್ವಲ್ಲ ಸಾರ್."

ಚೀಟಿ ರದ್ದಾಯಿತು. ವ್ಯಾನ್ ಓಡುತ್ತಿದೆ. ಗೆರೆಯಕ್ಕನ ಕೆಲಸವೂ ಪೂರ್ತಿ ಹೋಗಲಿಲ್ಲ, ಹನ್ನೊಂದು ಸಿಗ್ನಲ್‌ಗಳನ್ನು ಕಿತ್ತುಕೊಂಡು ಅವರನ್ನು ಈ ಪಾರ್ಕಿಂಗ್ ಜಾಗಕ್ಕೆ ಹಾಕಿದರು. ಅವಸರ ಮಾಡಿದ ಮೇಸ್ತ್ರಿ ಇದ್ದಲ್ಲೇ ಇದ್ದಾರೆ. ಆ ಮಾತೆತ್ತಿದರೆ, "ಹೇಳಿದ್ದು ಅವರು. ಎಳೆದದ್ದು ನನ್ನ ಕೈ ತಾನೇ" ಎಂದು ಗೆರೆಯಕ್ಕ ಮುಗಿಸಿಬಿಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ರೋಲರ್ ತೊಳೆದು ಗೋಡೆಗೆ ಒರಗಿಸುತ್ತಾರೆ.

"ಹನ್ನೊಂದೂ ಬೇಡ. ಅದೊಂದು ಸಿಗ್ನಲ್ ವಾಪಸ್ ಕೊಡ್ಲಿ. ನಿನ್ನೆ ಹೋಗಿ ನೋಡ್ಕೊಂಡು ಬಂದೆ, ಅಲ್ಲಿ ಇನ್ನೂ ಯಾರೂ ಗೆರೆ ಹಾಕಿಲ್ಲ. ಅದು ನನ್ನ ಕೆಲಸ. ಇನ್ನೂ ಮುಗಿದಿಲ್ಲ."